ಗಂಡಿಲ್ಲದ ಚಪ್ಪರ

ಪಾಂಡವಪುರಕ್ಕೆ ಬಂದು ನಮ್ಮ ಮನೆ ಯಾವುದು ಎಂದು ಕೇಳಿದರೆ ಹಳಬರು ಈಗಲೂ ಹೇಳುವ ಗುರುತು ಒಂದೇ: “ಗಂಡಿಲ್ದೆ ಚಪ್ಪರ ಆಕ್ಸಿದ್ರಲ್ಲ, ಅವ್ರ ಮನೆ.” ಹೇಳುವವರ ತುಟಿಯ ತುದಿಯಲ್ಲಿ ಒಂದು ನಗು ಇದ್ದೇ ಇರುತ್ತದೆ. ಮೊದಮೊದಲು ಆ ನಗು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಈಗ ನಾನೇ ಆಟೋದವನಿಗೆ ಹಾಗೆ ಹೇಳಿ ಮನೆ ಸೇರಿಕೊಳ್ಳುತ್ತೇನೆ. ಆ ಚಪ್ಪರ ಹಾಕಿಸಿದ್ದು ನನಗಾಗಿ. ಅಲ್ಲಿ ಗಂಡಿರಲಿಲ್ಲ, ಏಕೆಂದರೆ ಮದುವೆಯೇ ಇರಲಿಲ್ಲ. ಇದ್ದದ್ದು ವಿಮಾನ ಓಡಿಸುವುದನ್ನು ಕಲಿತೇ ತೀರುತ್ತೇನೆಂಬ ನನ್ನ ಹಟ, ಮತ್ತು ಆ ಹಟಕ್ಕೆ ಬೇಕಾದ ದುಡ್ಡು ಎಲ್ಲಿಂದ ತರುವುದೆಂಬ ಅಪ್ಪನ ಯೋಚನೆ.

ಅಪ್ಪನದು ಶಾಮಿಯಾನ ಅಂಗಡಿ. ಕೆಂಪು, ಹಳದಿ, ನೀಲಿ ಪಟ್ಟೆಯ ಬಟ್ಟೆ, ಬೊಂಬು, ಗೂಟ, ಹಗ್ಗ, ಕಬ್ಬಿಣದ ಕುರ್ಚಿ, ಕೊಪ್ಪರಿಗೆ, ಸಾರಿನ ಬಕೆಟ್ಟು, ಎಲ್ಲವೂ ನಮ್ಮ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ತುಂಬಿಕೊಂಡಿದ್ದವು. ಒಂದು ಹಸು ಕಟ್ಟಲು ಜಾಗವಿಲ್ಲದ ಕೊಟ್ಟಿಗೆ ಯಾವ ಸೀಮೆಯ ಕೊಟ್ಟಿಗೆ ಎಂದು ಅಪ್ಪನನ್ನು ಹೆತ್ತ ಅಜ್ಜಿ ದಿನಾ ಗೊಣಗುತ್ತಿದ್ದಳು. ಇತ್ತ ಶ್ರೀರಂಗಪಟ್ಟಣದ ಪಕ್ಕದ ಬಾಬುರಾಯನಕೊಪ್ಪಲಿನಿಂದ ಹಿಡಿದು ಅತ್ತ ನಾಗಮಂಗಲ ದಾಟಿ ಬೆಳ್ಳೂರು ಕ್ರಾಸಿನವರೆಗೆ ಮದುವೆಗಳಿಗೆ ನಮ್ಮದೇ ಶಾಮಿಯಾನ. ನಾನು ಅಕ್ಷರ ಕಲಿಯುವುದಕ್ಕೆ ಮೊದಲು ಗಂಟು ಹಾಕುವುದನ್ನು ಕಲಿತವಳು. ಗಾಳಿ ಬಂದಷ್ಟೂ ಬಿಗಿಯಾಗುವ, ಬೇಕೆಂದಾಗ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಗಂಟೊಂದನ್ನು ಅಪ್ಪ ನನಗೆ ಬಾಲ್ಯದಲ್ಲೇ ಕಲಿಸಿದ್ದ.

ಹೋದ ಮದುವೆಯಲ್ಲೆಲ್ಲ ಅಪ್ಪ ಮುಯ್ಯಿ ಓದಿಸುತ್ತಿದ್ದ. ನಮ್ಮ ಕಡೆ ಮುಯ್ಯಿ ಅಂದರೆ ಮದುವೆ ಮನೆಗೆ ಕೊಡುವ ಕಾಣಿಕೆ. ಚಪ್ಪರದ ಮೂಲೆಯಲ್ಲಿ ಮೇಜು ಹಾಕಿಕೊಂಡು ಕೂತವರ ಕೈಗೆ ಅದನ್ನು ಕೊಟ್ಟರೆ, ಇಂಥ ಊರಿನ ಇಂಥವರ ಮನೆಯ ಮುಯ್ಯಿ ಎಂದು ಮೈಕಿನಲ್ಲಿ ಎಲ್ಲರಿಗೂ ಕೇಳುವಂತೆ ಓದುತ್ತಾರೆ. ಅದು ದಾನವೂ ಅಲ್ಲ, ಸಾಲವೂ ಅಲ್ಲ. ಇವತ್ತು ನನ್ನದು ನಿನ್ನ ಮನೆಗೆ, ನಾಳೆ ನಿನ್ನದು ನನ್ನ ಮನೆಗೆ, ಮೇಲೊಂದಿಷ್ಟು ಸೇರಿಸಿಕೊಂಡು. ಶಾಮಿಯಾನ ಹಾಕಲು ಹೋದವನು ಬಾಡಿಗೆ ಎಣಿಸಿಕೊಂಡು ಬಂದರೆ ಸಾಕಲ್ಲವೇ ಎಂದು ಅವ್ವ ಕೇಳಿದರೆ, ಉಂಡ ಮನೆಗೆ ಮುಯ್ಯಿ ಓದಿಸದೆ ಬರಲು ನಾನೇನು ಮಠದ ಸನ್ಯಾಸಿಯೇ ಎಂದು ಅಪ್ಪ ತಿರುಗಿ ಕೇಳುತ್ತಿದ್ದ. ಮನೆಯಲ್ಲಿ ಮಕ್ಕಳೆಂದರೆ ನಾನೊಬ್ಬಳೇ. ಹಾಗಾಗಿ ನಮ್ಮಿಂದ ಹೋದ ಮುಯ್ಯಿ ನಾಲ್ಕು ತಾಲ್ಲೂಕಿಗೆ ಹರಡಿತ್ತು, ಬಂದದ್ದು ಏನೂ ಇರಲಿಲ್ಲ. ಅಷ್ಟೂ ನನ್ನ ಮದುವೆಯ ದಿನ ಒಟ್ಟಿಗೆ ಮನೆಗೆ ಬರುತ್ತದೆ ಎಂದು ಅಜ್ಜಿ ಕಾದು ಕೂತಿದ್ದಳು.

ನನಗೆ ವಿಮಾನದ ಹುಚ್ಚು ಹಿಡಿಸಿದ್ದೂ ಅಪ್ಪನ ಶಾಮಿಯಾನವೇ. ನಾನು ಹೈಸ್ಕೂಲಿನಲ್ಲಿದ್ದಾಗ ಕೆ.ಆರ್. ಪೇಟೆಯಲ್ಲಿ ಯಾವುದೋ ಚುನಾವಣೆಯ ಸಭೆ. ದೊಡ್ಡ ಮನುಷ್ಯರೊಬ್ಬರು ಹೆಲಿಕಾಪ್ಟರಿನಲ್ಲಿ ಬರುವವರಿದ್ದರು. ಚಪ್ಪರದ ಕೆಲಸ ಅಪ್ಪನದು. ನಾನು ಹಟ ಮಾಡಿ ಟೆಂಪೋ ಹತ್ತಿ ಜೊತೆಗೆ ಹೋಗಿದ್ದೆ. ಹೆಲಿಕಾಪ್ಟರು ಮೈದಾನಕ್ಕೆ ಇಳಿಯುವಷ್ಟರಲ್ಲಿ ಅದರ ಗಾಳಿಗೆ ನಮ್ಮ ಶಾಮಿಯಾನ ಗೂಟಸಮೇತ ಕಿತ್ತುಕೊಂಡು ಕಬ್ಬಿನ ಗದ್ದೆಯ ಕಡೆಗೆ ಹೊರಟಿತು. ಊರಿನ ಜನ ದೊಡ್ಡ ಮನುಷ್ಯರ ಹಿಂದೆ ಓಡಿದರು, ಅಪ್ಪ ತನ್ನ ಬಟ್ಟೆಯ ಹಿಂದೆ ಓಡಿದ. ಹೆಲಿಕಾಪ್ಟರಿನ ಹತ್ತಿರ ಉಳಿದದ್ದು ನಾನೊಬ್ಬಳು ಮತ್ತು ಅದನ್ನು ಓಡಿಸಿಕೊಂಡು ಬಂದ ಪೈಲಟ್ಟು. ಅಷ್ಟು ಗಲಾಟೆ ಎಬ್ಬಿಸಿದ ಆಸಾಮಿ ಇಳಿದು ಬಂದು, ತಲೆ ಬಾಚಿಕೊಂಡು, ನಿಧಾನಕ್ಕೆ ಎಳನೀರು ಕುಡಿಯುತ್ತ ನಿಂತಿದ್ದ. ಇದಕ್ಕೆ ಏನು ಓದಬೇಕು ಎಂದು ಕೇಳಿದೆ. ಭೌತಶಾಸ್ತ್ರ, ಗಣಿತ ಎಂದ. ಹುಡುಗಿಯರು ಓದಬಹುದೇ ಎಂದೆ. ಎಂಜಿನ್ನಿಗೆ ಅದೆಲ್ಲ ಗೊತ್ತಾಗುವುದಿಲ್ಲ ಎಂದು ನಕ್ಕ.

ವಾಪಸು ಬರುವಾಗ ಹರಿದ ಬಟ್ಟೆಯ ರಾಶಿಯ ಮೇಲೆ ಕೂತು ನಾನು ಪೈಲಟ್ಟಾಗುತ್ತೇನೆ ಎಂದು ಅಪ್ಪನಿಗೆ ಹೇಳಿದೆ. ಅಪ್ಪ ಹರಿದ ಬಟ್ಟೆಯ ಒಂದು ತುದಿಯನ್ನು ಸುತ್ತಿ ಪಕ್ಕಕ್ಕಿಟ್ಟ. ಆಮೇಲೆ, ಆಗುವುದಾದರೆ ಆಗು, ಆದರೆ ನಾನು ಕಷ್ಟಪಟ್ಟು ಕಟ್ಟಿದ ಚಪ್ಪರದ ಹತ್ತಿರ ಮಾತ್ರ ಇಳಿಸಬೇಡ ಎಂದ.

ಮೈಸೂರಿನಲ್ಲಿ ಪಿಯುಸಿ ಓದಿದೆ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬೆಂಗಳೂರಿನ ಒಂದು ವಿಮಾನ ಶಾಲೆಯಲ್ಲಿ ಪರೀಕ್ಷೆ, ಸಂದರ್ಶನ, ಕಣ್ಣು ಕಿವಿ ಹಲ್ಲುಗಳ ತಪಾಸಣೆ ಎಲ್ಲ ಮುಗಿದು ಸೀಟು ಸಿಕ್ಕಿತು. ಡಾಕ್ಟರು ಹಲ್ಲನ್ನೂ ನೋಡಿದರು ಎಂದಾಗ ಅಜ್ಜಿ, ಎತ್ತಿಗೆ ನೋಡ್ದಂಗೆ ನೋಡವ್ರೆ ಅನ್ನು, ಎಂದು ತಲೆಯಾಡಿಸಿದಳು.

ಆ ಶಾಲೆಯಲ್ಲಿ ಎಲ್ಲದಕ್ಕೂ ಅಳತೆ ಗಂಟೆ. ಎಷ್ಟು ವರ್ಷ ಓದಿದೆ ಎಂದು ಯಾರೂ ಕೇಳುವುದಿಲ್ಲ, ಎಷ್ಟು ಗಂಟೆ ಹಾರಿದೆ ಎಂದು ಕೇಳುತ್ತಾರೆ. ಪ್ರಯಾಣಿಕರ ವಿಮಾನ ಓಡಿಸುವ ಲೈಸೆನ್ಸು ಬೇಕಾದರೆ ನೂರಾರು ಗಂಟೆ ಹಾರಿರಬೇಕು, ಪ್ರತಿ ಗಂಟೆಗೂ ಪೆಟ್ರೋಲಿನ ಖರ್ಚು, ವಿಮಾನದ ಬಾಡಿಗೆ. ಇಬ್ಬರೇ ಕೂರಬಹುದಾದ ಪುಟ್ಟ ವಿಮಾನದಲ್ಲಿ ಪಕ್ಕದಲ್ಲಿ ಗುರು ಕೂತು ಬೈಯುತ್ತ ಕಲಿಸುತ್ತಿದ್ದರು. ವಾಯುಪಡೆಯಿಂದ ನಿವೃತ್ತರಾದ ಮನುಷ್ಯ. ಅವರ ಬೈಗುಳ ಅಜ್ಜಿಯ ಬೈಗುಳದ ಮುಂದೆ ಸಪ್ಪೆ ಅನ್ನಿಸಿದ್ದರಿಂದ ನನಗೆ ಏನೂ ಆಗಲಿಲ್ಲ. ನನ್ನ ಜೊತೆಯ ಪಟ್ಟಣದ ಹುಡುಗರು ಕಣ್ಣಲ್ಲಿ ನೀರು ತುಂಬಿಕೊಂಡು ಇಳಿಯುತ್ತಿದ್ದರು.

ಸಂಜೆ ಹಾರಾಟ ಮುಗಿದ ಮೇಲೆ ವಿಮಾನಗಳನ್ನು ಬಯಲಲ್ಲಿ ನೆಲಕ್ಕೆ ಹೊಡೆದ ಗೂಟಗಳಿಗೆ ಹಗ್ಗದಿಂದ ಕಟ್ಟಬೇಕು, ಗಾಳಿಗೆ ಮಗುಚಿಕೊಳ್ಳದಂತೆ. ಅದು ಕಲಿಯುವವರ ಕೆಲಸ. ಮೊದಲ ದಿನ ನಾನು ಹಾಕಿದ ಗಂಟನ್ನು ಗುರುಗಳು ಎಳೆದು ನೋಡಿದರು, ಬಗ್ಗಿ ನೋಡಿದರು, ಇದನ್ನು ಎಲ್ಲಿ ಕಲಿತೆ ಎಂದರು. ಮದುವೆ ಮನೆಯಲ್ಲಿ ಎಂದೆ. ಅವತ್ತಿನಿಂದ ವಿಮಾನ ಕಟ್ಟುವುದಕ್ಕೆ ಮೇಸ್ತ್ರಿ ನಾನೇ. ಈ ವಿಷಯ ಅಜ್ಜಿಗೆ ಹೇಳಿದಾಗ ಅವಳಿಗೆ ವಿಮಾನದ ಮೇಲಿನ ಭಯ ಎಷ್ಟೋ ಕಡಿಮೆಯಾಯಿತು. ಸಂಜೆಯಾದರೆ ಗೂಟಕ್ಕೆ ಕಟ್ಟುತ್ತಾರೆ ಎಂದಮೇಲೆ ಅದು ಹೇಳಿದ ಮಾತು ಕೇಳುವ ಪೈಕಿಯೇ ಇರಬೇಕು ಎಂಬುದು ಅವಳ ಲೆಕ್ಕ. ಮೊದಲ ಸಲ ಗುರುಗಳಿಲ್ಲದೆ ಒಬ್ಬಳೇ ಹಾರಿ ಇಳಿದ ದಿನ ಜೊತೆಯವರೆಲ್ಲ ಸೇರಿ ತಲೆಯ ಮೇಲೆ ಬಕೆಟ್ಟುಗಟ್ಟಲೆ ನೀರು ಸುರಿದರು, ಅದು ಅಲ್ಲಿಯ ಪದ್ಧತಿ. ಅದನ್ನೂ ಹೇಳಿದೆ. ಅಜ್ಜಿ, ಮದುಮಗಳಿಗೆ ನೀರು ಹುಯ್ಯುವ ಶಾಸ್ತ್ರ ಆಯಿತೆಂದರೆ ಅರ್ಧ ಮದುವೆ ಆದ ಹಾಗೆಯೇ ಎಂದು ಸಮಾಧಾನಪಟ್ಟುಕೊಂಡಳು.

ಸಮಾಧಾನ ಬಹಳ ದಿನ ಉಳಿಯಲಿಲ್ಲ. ಶಾಲೆಯ ವಿಮಾನಗಳು ಒಂದೊಂದಾಗಿ ಕೆಟ್ಟು ನಿಂತವು. ಬಿಡಿಭಾಗ ಬರಬೇಕು, ಬರುತ್ತದೆ, ಬಂತು ಅನ್ನುತ್ತಲೇ ತಿಂಗಳುಗಳು ಕಳೆದವು. ಉಳಿದ ಒಂದು ವಿಮಾನಕ್ಕೆ ನಾವೆಲ್ಲ ನ್ಯಾಯಬೆಲೆ ಅಂಗಡಿಯ ಮುಂದೆ ಸೀಮೆಣ್ಣೆಗೆ ನಿಂತ ಹಾಗೆ ನಿಂತೆವು. ನನಗೆ ಬೇಕಾದ ಗಂಟೆಗಳಲ್ಲಿ ಅರ್ಧವೂ ಆಗಿರಲಿಲ್ಲ. ಬರೆದು ಪಾಸು ಮಾಡಿದ ಪರೀಕ್ಷೆಗಳಿಗೂ ಒಂದು ಗಡುವು ಇರುತ್ತದೆ, ಅಷ್ಟರೊಳಗೆ ಗಂಟೆ ತುಂಬದಿದ್ದರೆ ಮೊದಲಿನಿಂದ ಶುರು. ಗುರುಗಳು ನನ್ನನ್ನು ಪಕ್ಕಕ್ಕೆ ಕರೆದು ನೆರೆರಾಜ್ಯದ ಒಂದು ಖಾಸಗಿ ಕ್ಲಬ್ಬಿನಲ್ಲಿ ವಿಮಾನಗಳಿವೆ, ಆರೇಳು ತಿಂಗಳಲ್ಲಿ ಮುಗಿಸಬಹುದು, ಆದರೆ ಖರ್ಚು ಮೂರು ಪಟ್ಟು ಎಂದರು. ಈ ವರ್ಷ ಆಗದಿದ್ದರೆ ಬಿಟ್ಟುಬಿಡು, ಮನೆಯವರನ್ನು ಸುಮ್ಮನೆ ನೋಯಿಸಬೇಡ ಎಂದೂ ಹೇಳಿದರು. ಬೈಯುವ ಮನುಷ್ಯ ಮೆಲ್ಲಗೆ ಮಾತಾಡಿದಾಗ ನನಗೆ ಮೊದಲ ಸಲ ಹೆದರಿಕೆಯಾಯಿತು.

ಅಪ್ಪ ಬ್ಯಾಂಕಿಗೆ ಹೋದ. ನಾನೂ ಹೋಗಿದ್ದೆ. ಟ್ರಾಕ್ಟರಿಗೆ ಸಾಲ ಇದೆ, ಪಂಪ್‌ಸೆಟ್ಟಿಗೆ ಇದೆ, ರೇಷ್ಮೆ ಹುಳುವಿನ ಮನೆಗೂ ಇದೆ, ವಿಮಾನಕ್ಕೆ ಇಲ್ಲ ಎಂದರು ಮ್ಯಾನೇಜರು. ಕೊಳ್ಳುವುದಕ್ಕಲ್ಲ ಸ್ವಾಮಿ, ಕಲಿಯುವುದಕ್ಕೆ ಎಂದ ಅಪ್ಪ. ಹಸುವಿಗೆ ಸಾಲ ಕೊಟ್ಟರೆ ನಾವು ಅದರ ಕಿವಿಗೆ ಓಲೆ ಹಾಕಿ ಗುರುತು ಮಾಡುತ್ತೇವೆ, ನಿಮ್ಮ ಮಗಳು ನಾಳೆ ಹಾರಿಹೋದರೆ ಎಲ್ಲಿ ಅಂತ ಹುಡುಕೋಣ ಎಂದು ಮ್ಯಾನೇಜರು ನಕ್ಕರು. ಹುಡುಕುವ ಕಷ್ಟ ಬೇಡ, ಮೇಲೆ ನೋಡಿದರೆ ಕಾಣುತ್ತೇನೆ ಎಂದು ನಾನು ಅಂದುಬಿಟ್ಟೆ. ಅಲ್ಲಿಗೆ ಆ ಬಾಗಿಲು ಮುಚ್ಚಿತು.

ನನ್ನ ಅವ್ವನ ಅಣ್ಣ, ಅಂದರೆ ನನ್ನ ಸೋದರಮಾವ, ಬೆಳ್ಳೂರು ಕಡೆಯವನು. ಕ್ರಾಸಿನಲ್ಲಿ ಹೋಟೆಲು ಇತ್ತು, ನಾಲ್ಕು ಕಾಸು ಮಾಡಿದ್ದ. ಅವನು ಬಂದು ತನ್ನ ಮಗನಿಗೆ ನನ್ನನ್ನು ಕೊಟ್ಟರೆ ಮದುವೆಯಾದ ಮೇಲೆ ಕಲಿಕೆಯ ಖರ್ಚು ತಾನೇ ನೋಡಿಕೊಳ್ಳುವುದಾಗಿ ಹೇಳಿದ. ಆ ಮಗ, ಅಂದರೆ ನನ್ನ ಭಾವ, ನಾನು ಚಿಕ್ಕಂದಿನಲ್ಲಿ ತನ್ನನ್ನು ಕೆಸರಿಗೆ ನೂಕಿದ್ದನ್ನು ಇನ್ನೂ ಮರೆತಿರಲಿಲ್ಲ. ನಾವಿಬ್ಬರೂ ಒಟ್ಟಿಗೇ ಬೇಡ ಅಂದೆವು. ಮಾವ ಕಾಫಿ ಪೂರ್ತಿ ಕುಡಿಯದೆ ಎದ್ದುಹೋದ.

ಅಪ್ಪನಿಗೆ ಉಪಾಯ ಹೊಳೆದದ್ದು ನಾಗಮಂಗಲದ ಹತ್ತಿರದ ಒಂದು ಹಳ್ಳಿಯ ಮದುವೆಯಲ್ಲಿ. ಅಲ್ಲಿ ಮುಯ್ಯಿ ಓದುತ್ತಿದ್ದವರು ನಮ್ಮ ಮೈಕ್ ಸಾಬರು. ಶ್ರೀರಂಗಪಟ್ಟಣದವರು, ಮೈಕ್‌ಸೆಟ್ಟು ಬಾಡಿಗೆಗೆ ಕೊಡುವವರು, ಅಪ್ಪನ ಜೋಡಿ. ಅಪ್ಪನ ಚಪ್ಪರ ಇದ್ದಲ್ಲಿ ಸಾಬರ ಮೈಕು. ಅವರ ಗಂಟಲಿನಲ್ಲಿ ಓದಿಸಿಕೊಂಡರೆ ಹಳೇ ಪಾತ್ರೆಯ ಮುಯ್ಯಿಯೂ ಬೆಳ್ಳಿಯ ಹಾಗೆ ಕೇಳಿಸುತ್ತಿತ್ತು. ಅವರು ಒಂದಾದಮೇಲೊಂದು ಮನೆಯ ಹೆಸರು ಓದುವುದನ್ನು ಕೇಳುತ್ತ ನಿಂತಿದ್ದ ಅಪ್ಪನಿಗೆ, ಇವರೆಲ್ಲರ ಮನೆಗೂ ನಾನು ಕೊಟ್ಟವನೇ ಅಲ್ಲವೇ ಅನ್ನಿಸಿತಂತೆ. ಮನೆಗೆ ಬಂದವನು ಕಾಲು ತೊಳೆಯುವುದಕ್ಕೆ ಮೊದಲೇ ಹೇಳಿದ, ಮದುವೆ ಇಲ್ಲದಿದ್ದರೂ ಚಪ್ಪರ ಹಾಕೋಣ, ಊಟ ಹಾಕೋಣ, ಕೊಟ್ಟ ಮುಯ್ಯಿಯನ್ನೆಲ್ಲ ಕರೆಯೋಣ.

ಅಜ್ಜಿ ರಾಗಿ ಕೇರುತ್ತಿದ್ದ ಮೊರ ಕೆಳಗಿಟ್ಟಳು.

“ಮುಯ್ಯಿ ಬರೋದು ಒಂದ್ಸಲ ಕಣ್ಲಾ. ಈಗ್ಲೇ ಕರ್ದು ಕರ್ಗಿಸ್ಬುಟ್ರೆ ನಾಳೆ ಇವ್ಳ್ ಮದ್ವೆಗೆ ಯಾರ್ಲಾ ಬಂದಾರು?”

“ಮದ್ವೆ ತಡ ಆದ್ರೆ ಆಯ್ತದೆ ಕಣವ್ವ,” ಅಂದ ಅಪ್ಪ. “ಇವ್ಳ್ ಗಂಟೆ ತಡ ಆದ್ರೆ ಓಯ್ತು.”

ನನಗೆ ಮದುವೆಯೇ ಬೇಡ ಎಂದು ನಾನು ನಡುವೆ ಬಾಯಿ ಹಾಕಿದೆ. ಅಂದಿನಿಂದ ಅಜ್ಜಿ ನನ್ನ ಜೊತೆ ಮಾತು ಬಿಟ್ಟಳು. ಬೈಯುವುದನ್ನೇನೂ ಬಿಡಲಿಲ್ಲ, ಗೋಡೆಗೆ ಹೇಳಿ ಬೈಯುತ್ತಿದ್ದಳು. ಅವಳಿಗೆ ನನ್ನನ್ನು ಹಸೆಮಣೆಯ ಮೇಲೆ ನೋಡುವ ಆಸೆ ಎಷ್ಟಿತ್ತೆಂದು ನನಗೆ ಗೊತ್ತಿತ್ತು. ಆದರೆ ಹಸೆಮಣೆ ಎಲ್ಲಿಗೂ ಓಡಿಹೋಗುವುದಿಲ್ಲ, ನನ್ನ ಗಡುವು ಓಡುತ್ತಿತ್ತು.

ಕರೆಯೋಲೆ ಅಚ್ಚು ಹಾಕಿಸುವುದೇ ಒಂದು ಕಥೆಯಾಯಿತು. ಪ್ರೆಸ್ಸಿನವರ ಹತ್ತಿರ ಇದ್ದದ್ದು ಮದುವೆಯ ಅಚ್ಚುಗಳು, ಇಲ್ಲದಿದ್ದರೆ ವೈಕುಂಠ ಸಮಾರಾಧನೆಯದು. ಎರಡನೆಯದಕ್ಕೆ ಅವ್ವ ಒಪ್ಪಲಿಲ್ಲ. ಕೊನೆಗೆ ಕೈ ಹಿಡಿದು ನಿಂತ ವಧೂವರರ ಅಚ್ಚನ್ನೇ ಅರ್ಧಕ್ಕೆ ಕೊಯ್ದು ವರನನ್ನು ತೆಗೆದುಹಾಕಿದರು. ವರ ಹೋದ, ಅವನ ಕೈ ಮಾತ್ರ ವಧುವಿನ ಕೈಯಲ್ಲೇ ಉಳಿದುಬಿಟ್ಟಿತು. ಅದರ ಕೆಳಗೆ ‘ನಮ್ಮ ಮಗಳ ವಿಮಾನ ತರಬೇತಿಯ ನಿಮಿತ್ತ ಔತಣ’ ಎಂದು ಹಾಕಿಸಿದೆವು. ಯಾರದಮ್ಮ ಈ ಕೈ ಎಂದು ಕೇಳದವರೇ ಇಲ್ಲ. ಊಟ ಸಿಹಿಯದೋ ಬಾಡಿನದೋ ಎಂಬ ಚರ್ಚೆ ಇನ್ನೂ ದೊಡ್ಡದು. ಬಾಡೂಟ ಹಾಕಿದರೆ ಬೀಗರ ಊಟದಂತಾಗುತ್ತದೆ, ಅದಕ್ಕೆ ಮುಯ್ಯಿ ಇಲ್ಲ, ಧಾರೆಯ ದಿನದಂತೆ ಸಿಹಿ ಊಟವೇ ಇರಲಿ ಎಂದು ತೀರ್ಮಾನವಾಯಿತು. ಕರೆಯೋಲೆಗಳನ್ನು ಅಪ್ಪ ತನ್ನ ಗಿರಾಕಿಗಳ ಮೂಲಕ, ಬಸ್ಸಿನ ಕಂಡಕ್ಟರುಗಳ ಮೂಲಕ ನಾಲ್ಕೂ ತಾಲ್ಲೂಕಿಗೆ ಹಂಚಿಸಿದ. ಬೆಳ್ಳೂರಿನ ಮಾವನಿಗೂ ಒಂದು ಹೋಯಿತು.

ಆ ಭಾನುವಾರ ನಮ್ಮ ಬೀದಿಗೆ ಬೀದಿಯೇ ಶಾಮಿಯಾನದ ಕೆಳಗಿತ್ತು. ಅಪ್ಪ ಊರಿನವರಿಗೆಲ್ಲ ಬಾಡಿಗೆಗೆ ಕೊಡುತ್ತಿದ್ದ ಅತ್ಯುತ್ತಮ ಬಟ್ಟೆಗಳನ್ನು ಅಂದು ತನ್ನ ಬಾಗಿಲಿಗೇ ಕಟ್ಟಿದ್ದ. ಮೇಲುಕೋಟೆಯಿಂದ ಅಡುಗೆಯವರು ಪುಳಿಯೋಗರೆಗೆಂದೇ ಬಂದಿದ್ದರು. ನಾನು ರೇಷ್ಮೆ ಸೀರೆ ಉಡುವುದಿಲ್ಲ ಎಂದು ಜಗಳ ಮಾಡಿ, ಶಾಲೆಯ ಬಿಳಿ ಅಂಗಿ, ಕಪ್ಪು ಪ್ಯಾಂಟು ಹಾಕಿಕೊಂಡು ಬಾಗಿಲಲ್ಲಿ ಗಂಧ ಹಚ್ಚುತ್ತ ನಿಂತಿದ್ದೆ. ಜನ ಬಂದರು. ಟ್ರಾಕ್ಟರಿನಲ್ಲಿ ಬಂದರು, ಬಸ್ಸು ಮಾಡಿಕೊಂಡು ಬಂದರು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು, ಹೋಳಿಗೆ ಉಂಡರು, ಚೆನ್ನಾಗಿದೆ ಎಂದರು. ಎಲೆ ಅಡಿಕೆ ಹಾಕಿಕೊಂಡು ಕುರ್ಚಿಗಳಲ್ಲಿ ಕೂತರು.

ಕೂತವರು ಕೂತೇ ಇದ್ದರು.

ಸಾಬರು ಮೈಕಿನ ಮುಂದೆ ಗಂಟಲು ಸರಿಮಾಡಿಕೊಂಡು, ಮುಯ್ಯಿ ಓದಿಸುವವರು ಬರಬಹುದು ಎಂದರು. ಯಾರೂ ಏಳಲಿಲ್ಲ. ಹತ್ತು ನಿಮಿಷ ಬಿಟ್ಟು ಮತ್ತೆ ಕರೆದರು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೆಲವರು ಜೇಬಿಗೆ ಕೈ ಹಾಕಿ ಹಾಗೆಯೇ ತೆಗೆದರು. ಹೆಂಗಸರ ತೊಡೆಯ ಮೇಲೆ ಪೇಪರಿನಲ್ಲಿ ಸುತ್ತಿದ ಪಾತ್ರೆಗಳು ಕಾಣುತ್ತಿದ್ದವು, ಆದರೆ ಕೈ ಮುಂದಕ್ಕೆ ಬರಲಿಲ್ಲ. ಅಪ್ಪನ ಹಣೆಯಲ್ಲಿ ಬೆವರು. ಇವತ್ತು ಈ ಮೇಜು ಖಾಲಿಯಾಗಿ ಉಳಿದರೆ ನಾನು ಮತ್ತೆ ವಿಮಾನ ಹತ್ತುವುದಿಲ್ಲ ಎಂಬುದು ನನಗೂ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು.

ಆಗ ಕಂಡದ್ದು ಮಾವ. ಚಪ್ಪರದ ಕೊನೆಯ ಕಂಬಕ್ಕೆ ಒರಗಿ, ಕೈಕಟ್ಟಿಕೊಂಡು, ಯಾರೋ ಹೊರಗಿನವನ ಹಾಗೆ ನಿಂತಿದ್ದ. ಉಂಡಿರಲಿಲ್ಲ. ಮಗನನ್ನು ಬೇಡ ಅಂದದ್ದಕ್ಕೆ ಹಗೆ ಸಾಧಿಸುತ್ತಿದ್ದಾನೆ ಎಂದು ನನಗೆ ಸಿಟ್ಟು ನೆತ್ತಿಗೇರಿತು. ಹೋಗಿ ಕೇಳಿಯೇಬಿಡುತ್ತೇನೆ ಎಂದು ಹೊರಟವಳನ್ನು ಅಜ್ಜಿ ಮೊಣಕೈ ಹಿಡಿದು ನಿಲ್ಲಿಸಿದಳು. ತಿಂಗಳಾದ ಮೇಲೆ ಮೊದಲ ಸಲ ನನ್ನನ್ನು ನೋಡಿ ಮಾತಾಡಿದಳು. ಮಾವನನ್ನು ಯಾರು ಕರೆದದ್ದು ಎಂದು ಕೇಳಿದಳು. ಕಂಡಕ್ಟರ ಕೈಲಿ ಕಾಗದ ಕಳಿಸಿದ್ದೆವು ಎಂದೆ.

ಅಜ್ಜಿ ಹಣೆ ಚಚ್ಚಿಕೊಂಡಳು. ನಮ್ಮಲ್ಲಿ ಸೋದರಮಾವನನ್ನು ಕಾಗದ ಕಳಿಸಿ ಕರೆಯುವುದಿಲ್ಲ. ಮನೆಯ ಹಿರಿಯರು ಹೋಗಿ ವೀಳ್ಯ ಕೊಟ್ಟು ಕರೆಯಬೇಕು, ಮೊದಲ ಮುಯ್ಯಿ ಅವನದೇ ಆಗಬೇಕು. ಅವನು ಏಳುವ ತನಕ ಉಳಿದ ಯಾರೂ ಏಳುವಂತಿಲ್ಲ. ಸಾವಿರ ಮದುವೆಗೆ ಚಪ್ಪರ ಹಾಕಿದ ಅಪ್ಪನಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೆ ಅಷ್ಟೂ ಮದುವೆ ಬೇರೆಯವರದು. ಅಲ್ಲೆಲ್ಲ ಮಾವಂದಿರನ್ನು ಕರೆಯುವ ಕೆಲಸ ಬೇರೆಯವರದು, ಗೂಟ ಹೊಡೆಯುವ ಕೆಲಸ ಅಪ್ಪನದು. ತನ್ನ ಮನೆಯ ಚಪ್ಪರಕ್ಕೂ ಅಪ್ಪ ಗೂಟ ಹೊಡೆದವನು, ಮನೆಯವನಾಗುವುದನ್ನು ಮರೆತಿದ್ದ.

ಅಜ್ಜಿ ಒಳಗೆ ಹೋಗಿ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಅರಿಶಿನ ಕುಂಕುಮ ಇಟ್ಟುಕೊಂಡು ಬಂದಳು. ಈ ಚಪ್ಪರವೇ ಬೇಡ ಎಂದವಳು, ಅಷ್ಟು ಜನದ ನಡುವೆ ಬಗ್ಗಿದ ಬೆನ್ನಿನಲ್ಲಿ ನಿಧಾನಕ್ಕೆ ನಡೆದುಕೊಂಡು ಹೋದಳು. ಸಾಬರು ಅವಳನ್ನೇ ನೋಡುತ್ತ ಮೈಕು ಆರಿಸುವುದನ್ನು ಮರೆತರು ಎಂದು ಕಾಣುತ್ತದೆ, ಹಾರ್ನುಗಳು ಗೊರ್ ಎನ್ನುತ್ತಿದ್ದವು. ಅಜ್ಜಿ ಮಾವನ ಮುಂದೆ ತಟ್ಟೆ ಹಿಡಿದು ನಿಂತಳು.

“ಕರೆಯೋದು ತಡ ಆಯ್ತು ಕಣಪ್ಪ. ನಿನ್ ತಂಗಿ ಮಗ್ಳಿಗೆ ನೀನೇ ಮುಂದಾಗ್ಬೇಕು. ಬಾ.”

ಮಾವ ಕಟ್ಟಿದ ಕೈ ಬಿಚ್ಚಿದ. ತಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ಅವನ ಕಣ್ಣು ಒದ್ದೆಯಾಗಿದ್ದುದು ನನಗೆ ದೂರದಿಂದಲೇ ಕಂಡಿತು. ಮಗನ ವಿಷಯ ಅವನ ಮನಸ್ಸಿನಲ್ಲಿ ಇರಲೇ ಇಲ್ಲ. ಕರೆಯದ ಮನೆಯಲ್ಲಿ ಹೇಗೆ ಮುಂದಾಗಲಿ ಎಂದು ಬೆಳಗಿನಿಂದ ಒದ್ದಾಡುತ್ತ ನಿಂತಿದ್ದನಂತೆ. ಸೀದಾ ಮೇಜಿನ ಹತ್ತಿರ ನಡೆದು ಒಳಜೇಬಿನಿಂದ ಮುಯ್ಯಿ ತೆಗೆದಿಟ್ಟ. ಸಾಬರು ಮೈಕು ಹತ್ತಿರ ಎಳೆದುಕೊಂಡು, ರೂಢಿಯ ಪ್ರಕಾರ, ಮದುಮಗಳಿಗೆ ಸೋದರಮಾವನ ಮುಯ್ಯಿ ಎಂದು ಶುರುಮಾಡಿದರು. ಅಷ್ಟಕ್ಕೇ ನಿಂತರು. ಮದುಮಗಳು ಎಲ್ಲಿದ್ದಾಳೆ?

“ಕ್ಯಾ ಬೋಲ್ನಾ, ಯಾರಿಗೆ ಅಂತ ಓದ್ಲಿ ಅಣ್ಣಾ?” ಎಂದು ಮೈಕಿನಲ್ಲೇ ಕೇಳಿದರು.

ಮಾವ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದ. ಬಿಳಿ ಅಂಗಿಯನ್ನು ನೋಡಿದ.

“ಪೈಲಟ್ಟಿಗೆ ಅಂತ ಓದಿ ಸಾಬ್ರೆ.”

ಸಾಬರು ಓದಿದರು. ಅವರ ಆ ಗಂಟಲಿನಲ್ಲಿ, ನಾಲ್ಕು ಹಾರ್ನಿನಲ್ಲಿ, ನಾಲ್ಕು ತಾಲ್ಲೂಕಿನ ಜನಕ್ಕೆ ಕೇಳುವ ಹಾಗೆ ಪೈಲಟ್ಟಿಗೆ ಸೋದರಮಾವನ ಮುಯ್ಯಿ ಎಂದು ಓದಿದರು. ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. ಲೈಸೆನ್ಸು ಕೊಟ್ಟ ಇಲಾಖೆಯವರು ಆಮೇಲೆ ಕರೆದದ್ದು. ನಾನು ಅತ್ತೆ, ಅದನ್ನು ಮುಚ್ಚಿಡುವುದೇನೂ ಇಲ್ಲ.

ಮಾವ ಮೇಜು ಬಿಟ್ಟು ಸರಿಯುವಷ್ಟರಲ್ಲಿ ಸಾಲು ಬೀದಿಯ ತಿರುವಿನವರೆಗೆ ಬೆಳೆದಿತ್ತು. ಪ್ರತಿಯೊಬ್ಬರದೂ ಪೈಲಟ್ಟಿಗೆ, ಪೈಲಟ್ಟಿಗೆ ಎಂದು ಓದಿ ಓದಿ ಸಾಬರ ಗಂಟಲು ಕಟ್ಟಿತು. ದುಡ್ಡಿನ ಜೊತೆಗೆ ಕುಕ್ಕರುಗಳು ಬಂದವು, ಹಾಲಿನ ಪಾತ್ರೆಗಳು ಬಂದವು, ಗೋಡೆ ಗಡಿಯಾರಗಳಂತೂ ರಾಶಿ ಬಿದ್ದವು. ಆ ಕಾಲದ ಮದುವೆಗೆ ಗೋಡೆ ಗಡಿಯಾರ ಕೊಡದವನು ಮನುಷ್ಯನೇ ಅಲ್ಲ. ಬಾಬುರಾಯನಕೊಪ್ಪಲಿನ ಮುದುಕಿಯೊಬ್ಬಳು ಮಡಿಲಕ್ಕಿ ತಂದಿದ್ದಳು. ಪ್ಯಾಂಟಿಗೆ ಮಡಿಲು ಎಲ್ಲಿದೆ ಎಂದು ಹುಡುಕಿ, ಕೊನೆಗೆ ನನ್ನ ಅಂಗಿಯ ತುದಿ ಎಳೆದು ಹಿಡಿಸಿ ಅದರಲ್ಲೇ ಅಕ್ಕಿ ಬೆಲ್ಲ ಸುರಿದಳು.

ಪಾತ್ರೆಗಳು ಅಪ್ಪನ ಬಾಡಿಗೆಯ ಸಾಮಾನಿಗೆ ಸೇರಿದವು. ಗಡಿಯಾರಗಳಲ್ಲಿ ಒಂದನ್ನು ನಾನು ಹೊಸ ಕ್ಲಬ್ಬಿನ ಕೋಣೆಗೆ ಒಯ್ದೆ. ದುಡ್ಡು ಪೂರ್ತಿ ಸಾಕಾಯಿತು ಎಂದರೆ ಸುಳ್ಳಾಗುತ್ತದೆ. ಕೊನೆಯ ಕಂತಿಗೆ ಅಪ್ಪ ಟೆಂಪೋ ಮಾರಿ, ಸ್ವಲ್ಪ ದಿನ ಶಾಮಿಯಾನವನ್ನು ಎತ್ತಿನಗಾಡಿಯಲ್ಲಿ ಸಾಗಿಸಿದ. ಆದರೆ ಗಡುವಿಗೆ ಮೊದಲೇ ನನ್ನ ಗಂಟೆ ತುಂಬಿತು. ಲೈಸೆನ್ಸು ಬಂತು. ಒಂದೆರಡು ವರ್ಷ 'ಜಾಗ ಖಾಲಿ ಇಲ್ಲ' ಎಂದು ಕೇಳಿಸಿಕೊಂಡು ತಿರುಗಿದ ಮೇಲೆ ಒಂದು ವಿಮಾನ ಕಂಪನಿಯಲ್ಲಿ ಬಲಗಡೆಯ ಸೀಟು, ಅಂದರೆ ಸಹಪೈಲಟ್ಟಿನ ಸೀಟು ಸಿಕ್ಕಿತು.

ಸೇರಿ ಕೆಲವೇ ತಿಂಗಳಿಗೆ ಮಾವನ ಮಗನ ಮದುವೆ. ಕೆಸರಿಗೆ ಬಿದ್ದವನಿಗೆ ಕೊನೆಗೂ ಒಳ್ಳೆಯ ಹುಡುಗಿ ಸಿಕ್ಕಿದ್ದಳು. ನಾನು ರಜೆ ಹಾಕಿ ಬಂದೆ. ಬೆಳ್ಳೂರಿನಲ್ಲಿ ಅಪ್ಪನದೇ ಚಪ್ಪರ, ಸಾಬರದೇ ಮೈಕು. ಮುಯ್ಯಿಯ ಹೊತ್ತಿಗೆ ಅಪ್ಪ ರೂಢಿಯಂತೆ ಮೇಜಿನ ಹತ್ತಿರ ಹೋಗಿ, ಪಾಂಡವಪುರದ ತನ್ನ ಮನೆಯ ಮುಯ್ಯಿ ಎಂದು ಹೇಳಲು ಬಾಯಿ ತೆರೆದ. ಮಾವ ವೇದಿಕೆಯಿಂದ ಇಳಿದು ಬಂದು ತಡೆದ. ಅವತ್ತು ನಾವು ಕೊಟ್ಟದ್ದು ನಿಮಗಲ್ಲ ಭಾವ, ಪೈಲಟ್ಟಿಗೆ, ತಿರುಗಿ ಕೊಡಬೇಕಾದವಳು ಅವಳು ಎಂದ. ಸುತ್ತ ಇದ್ದವರೆಲ್ಲ ಹೌದು ಹೌದು ಎಂದರು. ಅಂದರೆ ಅಂದು ಮಾವ ಆಡಿದ ಒಂದು ಮಾತಿಗೆ ನಾಲ್ಕು ತಾಲ್ಲೂಕಿನ ಮದುವೆಗಳೂ ನನ್ನ ತಲೆಗೆ ಬಂದಿದ್ದವು. ಯಾವ ಆಕಾಶದಲ್ಲಿದ್ದರೂ ಲಗ್ನದ ದಿನಗಳಲ್ಲಿ ಕೆಳಗೆ ಇಳಿದು ಬರಲೇಬೇಕು. ಒಳ್ಳೆ ಗಂಟು ಹಾಕಿದ್ದ ಮಾವ.

ನಮ್ಮ ಕಡೆ ಮುಯ್ಯಿ ಓದುವುದು ಮನೆಯ ಯಜಮಾನನ ಹೆಸರಿನಲ್ಲಿ. ಮದುವೆಯಾಗದ ಹೆಣ್ಣಿನ ಹೆಸರಿನಲ್ಲಿ ಓದಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಅಪ್ಪ ಪಕ್ಕಕ್ಕೆ ಸರಿದು ನನಗೆ ದಾರಿ ಬಿಟ್ಟ. ನನ್ನ ಸಂಬಳದ ಮುಯ್ಯಿಯನ್ನು ಮೇಜಿನ ಮೇಲೆ ಇಟ್ಟೆ. ಸಾಬರು ನಕ್ಕು, ಬೇಟಿ, ನಿನ್ನ ಹೆಸರನ್ನೇ ಓದುತ್ತೇನೆ ಎಂದು ಓದಿದರು. ಊಟದ ಪಂಕ್ತಿಯಲ್ಲಿದ್ದ ಒಂದಿಬ್ಬರು ತಲೆ ಎತ್ತಿ ಚಪ್ಪರದ ಮೇಲೆ ವಿಮಾನವೇನಾದರೂ ಬಂತೇ ಎಂಬಂತೆ ನೋಡಿದರು.

ಮುಂದಿನ ಸಾಲಿನ ಕುರ್ಚಿಗಳಲ್ಲಿ ಹಿರಿಯರು ಕೂತಿದ್ದರು. ಅಜ್ಜಿಯೂ ಅಲ್ಲೇ ಇದ್ದಳು. ಅವಳ ಕಣ್ಣು ಮಂಜಾಗಿತ್ತು, ಕಿವಿ ಚುರುಕಾಗಿತ್ತು. ನಾನು ಹತ್ತಿರ ಹೋಗಿ, ನಿನಗೆ ನನ್ನ ಮದುವೆ ತೋರಿಸಲಿಲ್ಲವಲ್ಲ ಎಂದೆ. ಅದು ಬಹಳ ದಿನದಿಂದ ನನ್ನ ಮನಸ್ಸಿನಲ್ಲಿತ್ತು. ಅಜ್ಜಿ ಕೈ ಚಾಚಿ ನನ್ನ ಮುಖ ತಡವಿ ನೋಡಿದಳು.

“ಮುಯ್ಯಿ ನಡೆಯೋದು ಮನೆಗೂ ಮನೆಗೂ ಕಣ್ ಮಗಾ. ಮದ್ವೆ ಆಗ್ಲಿ ಬುಡ್ಲಿ, ಇವತ್ತಿಂದ ನೀನೂ ಒಂದ್ ಮನೆ. ಅದ್ನ ನಾನ್ ಕಂಡೆ.”

ಆಮೇಲೆ ಪಕ್ಕದಲ್ಲಿ ಕೂತಿದ್ದ ಯಜಮಾನರೊಬ್ಬರಿಗೆ ಸ್ವಲ್ಪ ಸರಿದು ಕೂರಲು ಹೇಳಿ, ಮುಂದಿನ ಸಾಲಿನಲ್ಲಿ ನನಗೊಂದು ಕುರ್ಚಿ ಬಿಡಿಸಿದಳು.